ಮ್ಯೂಸಿಯಂ, ಹಿತ್ತಿಲು ಮತ್ತು ಬಾಳೆಲೆಯ ಊಟ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಸಾಫ್ಟ್‌ವೇರ್‌ನವರು, ಮಕ್ಕಳಿಗೆ ಉದ್ಯೋಗಾವಕಾಶದ ಬಗ್ಗೆ ಹತ್ತು ನಿಮಿಷ ಹೇಳಿ" ಎಂದರು. ಆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳುವ ಮೂವರು ಇವತ್ತು ಸಭೆಯಲ್ಲಿದ್ದಾರೆ, ಮಧ್ಯಾಹ್ನದ ಗೋಷ್ಠಿ ಅವರದ್ದೇ. ಹಾಗಾಗಿ ಬೇರೆ ವಿಷಯ ಕೇಳಿ ಪಡೆದುಕೊಂಡೆ. ನಮ್ಮ ಕರಾವಳಿಯ ಮ್ಯೂಸಿಯಂಗಳು, ತೋಟಗಳು ಮತ್ತು ಸೊಪ್ಪು ತರಕಾರಿಯ ಊಟ. ಈ ಮೂರನ್ನು ನೋಡಲು, ತಿನ್ನಲು ಹೊರಗಿನವರು ದುಡ್ಡು ಖರ್ಚು ಮಾಡಿಕೊಂಡು ನಮ್ಮ ಕಡೆಗೆ ಬರುತ್ತಾರೆ. ಇದಕ್ಕೂ ನಮ್ಮ ಶಾಲೆಯ ಹಿಂಬದಿಯ ಹಳೆಯ ಹೆಂಚಿನ ಕಟ್ಟಡಕ್ಕೂ ಒಂದು ಸಂಬಂಧ ಇದೆ. ಆ ಕಟ್ಟಡವನ್ನು ಕೆಡವಿ, ಬರುವ ದುಡ್ಡಿನಲ್ಲಿ ರಸ್ತೆ ಬದಿಗೆ ಸ್ವಾಗತ ಕಮಾನು ಕಟ್ಟುವ ಮಾತು ಸಮಿತಿಯಲ್ಲಿ ಬಂದಿದೆ ಎಂದು ಕೇಳಿದ್ದೇನೆ. ಅದರ ಬಗ್ಗೆ ಕಡೆಯಲ್ಲಿ ಹೇಳುತ್ತೇನೆ, ಯಾರೂ ಬೇಸರ ಮಾಡಬಾರದು.

ಕಳೆದ ಡಿಸೆಂಬರಿನಲ್ಲಿ ನನ್ನ ಆಫೀಸಿನ ಇಬ್ಬರು ಸಹೋದ್ಯೋಗಿಗಳು ಮೂರು ದಿನ ನಮ್ಮ ಮನೆಯಲ್ಲಿ ಉಳಿದಿದ್ದರು. ಒಬ್ಬರು ಪುಣೆಯವರು, ಇನ್ನೊಬ್ಬರು ಕೋಲ್ಕತ್ತದವರು. ಪುಣೆಯವರು ವೀಗನ್. ಹಾಗೆಂದರೆ ಮೀನು ಮಾಂಸ ಮಾತ್ರವಲ್ಲ, ಹಾಲು, ಮೊಸರು, ತುಪ್ಪ, ಜೇನು ಕೂಡ ಮುಟ್ಟುವುದಿಲ್ಲ. ಇದನ್ನು ಫೋನಿನಲ್ಲಿ ಕೇಳಿದ ಅಮ್ಮ, "ಮಜ್ಜಿಗೆಯೂ ಇಲ್ಲದೆ ಎಂಥದು ಬಡಿಸುವುದು ಮಾರಾಯ" ಎಂದು ಎರಡು ದಿನ ತಲೆ ಕೆಡಿಸಿಕೊಂಡರು.

ಮೊದಲ ದಿನ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋದೆವು. ನಮ್ಮಲ್ಲಿ ಬಹಳ ಮಂದಿ ಮಣಿಪಾಲಕ್ಕೆ ಆಸ್ಪತ್ರೆಗೆ ಮಾತ್ರ ಹೋಗುವವರು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಜಯನಾಥ ಶೆಣೈಯವರು ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. ಊರೂರುಗಳಲ್ಲಿ ಹಳೆಯ ಮನೆಗಳನ್ನು ಕೆಡವಿ ಮರಕ್ಕೆ ಮಾರುತ್ತಿದ್ದ ಕಾಲದಲ್ಲಿ ಅವರು ಆ ಮನೆಗಳ ಬೆನ್ನು ಹತ್ತಿದರು. ಕಂಬ, ತೊಲೆ, ಬಾಗಿಲ ದಾರಂದಗಳನ್ನು ಬಿಚ್ಚಿ ತಂದು ಮೊದಲಿದ್ದ ಹಾಗೆಯೇ ಜೋಡಿಸಿದರು. ಮಿಯಾರಿನ ಮನೆ, ಕುಂಜೂರಿನ ಚೌಕಿ ಮನೆ, ಹರ್ಕೂರಿನ ಒಳಗಿನ ಮನೆ ಅಲ್ಲಿ ನಿಂತಿವೆ. ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆಯ ದರ್ಬಾರ್ ಹಾಲ್ ಕೂಡ ಇವೆ. 2017ರಲ್ಲಿ ಶೆಣೈಯವರು ತೀರಿಕೊಂಡರು. ಒಬ್ಬ ಮನುಷ್ಯನ ಹಠದಿಂದ ಇಷ್ಟು ಉಳಿಯಿತು ಎಂಬುದು ಅಲ್ಲಿ ನಡೆದಾಡುವಾಗ ಮೈಗೆ ತಾಗುತ್ತದೆ.

ಚೌಕಿ ಮನೆಯ ಅಂಗಳದಲ್ಲಿ ನಿಂತು ಕೋಲ್ಕತ್ತದವರು ಮೇಲೆ ನೋಡಿದರು. ಮಾಡಿನ ಪಕ್ಕಾಸುಗಳನ್ನು ತೋರಿಸಿ, "ಇಷ್ಟು ದೊಡ್ಡ ಮನೆಯಲ್ಲಿ ತರಕಾರಿ ಎಲ್ಲಿ ಇಡುತ್ತಿದ್ದರು? ಫ್ರಿಜ್ ಇರಲಿಲ್ಲವಲ್ಲ?" ಎಂದು ಕೇಳಿದರು. ಉತ್ತರ ಮನೆಗೆ ಬಂದ ಮೇಲೆ ಸಿಕ್ಕಿತು. ನಮ್ಮ ಅಡುಗೆ ಕೋಣೆಯ ಮಾಡಿನಿಂದ ಅಮ್ಮ ಇವತ್ತಿಗೂ ನಾಲ್ಕು ಸಾಂಬಾರು ಸೌತೆಯನ್ನು ತೆಂಗಿನ ಗರಿಯ ಕಟ್ಟಿನಲ್ಲಿ ನೇತು ಹಾಕುತ್ತಾರೆ. ಗಾಳಿಯಾಡುವಂತೆ ಕಟ್ಟಿದರೆ ಮಳೆಗಾಲದವರೆಗೆ ಕೆಡುವುದಿಲ್ಲ. ಕೋಲ್ಕತ್ತದವರು ಅದರ ಫೋಟೋವನ್ನು ಮ್ಯೂಸಿಯಮ್ಮಿನ ಕಂಬದ ಫೋಟೋಕ್ಕಿಂತ ಹೆಚ್ಚು ತೆಗೆದುಕೊಂಡರು. "ಸೌತೆಕಾಯಿಗೆ ಎಂಥ ಫೋಟೋ" ಎಂದು ಅಮ್ಮ ನಕ್ಕರು.

ಎರಡನೆಯ ದಿನ ಬಂಟ್ವಾಳಕ್ಕೆ ಹೋದೆವು. ಅಲ್ಲಿನ ಸಂಚಯಗಿರಿಯಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಇದೆ, ಅದರೊಳಗೆ ತುಳು ಬದುಕಿನ ವಸ್ತು ಸಂಗ್ರಹಾಲಯ. ಹಸ್ತಶಿಲ್ಪದಲ್ಲಿ ದೊಡ್ಡ ಮನೆಗಳಿವೆ. ಇಲ್ಲಿ ಆ ಮನೆಗಳ ಅಂಗಳದಲ್ಲಿ ಬೆವರು ಸುರಿಸಿದವರ ಸಾಮಾನುಗಳಿವೆ: ನೇಗಿಲು, ಅಳತೆಯ ಪಾತ್ರೆ, ಬುಟ್ಟಿ, ಅಡುಗೆಯ ಮರದ ಸೌಟು. ನನಗೆ ಈ ಎರಡನೆಯದೇ ಹೆಚ್ಚು ಹಿಡಿಸಿತು. ನಮ್ಮ ಶಾಲೆಗೆ ಬಂದವರಲ್ಲಿ ಹೆಚ್ಚಿನವರು ಗುತ್ತಿನ ಮನೆಯವರಲ್ಲವಲ್ಲ!

ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸರಕಾರಿ ಮ್ಯೂಸಿಯಮ್ಮನ್ನೂ ಆ ದಿನವೇ ನೋಡಿದೆವು. ಕರ್ನಲ್ ಮಿರಾಜ್‌ಕರ್ ಎಂಬ ವೈದ್ಯರು ತಾಯಿಯ ಹೆಸರಿನಲ್ಲಿ ಸರಕಾರಕ್ಕೆ ಬಿಟ್ಟುಕೊಟ್ಟ, ಹಡಗಿನ ಆಕಾರದ ಮನೆ ಅದು. 1960ರಿಂದ ಮ್ಯೂಸಿಯಂ ಆಗಿದೆ. ಬಸ್ಸಿನಲ್ಲಿ ಆ ರಸ್ತೆಯಲ್ಲಿ ಸಾವಿರ ಸಲ ಹೋದವರೂ ಒಳಗೆ ಹೋಗಿರುವುದಿಲ್ಲ.

ಇಲ್ಲಿ ಒಂದು ಮಾತು. ನಾವು ಒಂಬತ್ತನೆಯಲ್ಲಿ ಓದುವಾಗ ಅಳತೆಯ ಪಾಠದಲ್ಲಿ ಲೀಟರು, ಕಿಲೋ ಕಲಿತೆವು. ಮನೆಯಲ್ಲಿ ಅಜ್ಜ ಮಾತ್ರ ಮುಡಿ ಲೆಕ್ಕದಲ್ಲೇ ಮಾತಾಡುತ್ತಿದ್ದರು. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, ಅಂದರೆ ಮುಡಿಗೆ 42 ಸೇರು. ಬೈಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ ಅಕ್ಕಿ ಮುಡಿಯೊಳಗೆ ಹುಳ ಹೋಗದು, ತೇವ ಹೋಗದು. ಈ ಸಭೆಯಲ್ಲಿ ಕೈ ಎತ್ತಿ ಎಂದರೆ ಮುಡಿ ಕಟ್ಟಲು ಬರುವವರು ಎಷ್ಟು ಜನ ಸಿಗಬಹುದು? ಹಿಂದಿನ ಸಾಲಿನಲ್ಲಿ ಇಬ್ಬರು ಕೈ ಎತ್ತಿದ್ದಾರೆ. ಇಬ್ಬರೂ ಎಪ್ಪತ್ತು ದಾಟಿದವರು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಆ ಎರಡು ಕೈಗಳ ಬಗ್ಗೆ.

ನಮ್ಮ ಹವೆ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಉಳಿದ ತಿಂಗಳು ಸೆಖೆ ಮತ್ತು ಬೆವರು. ಮರಕ್ಕೆ ಗೆದ್ದಲು, ಕಾಗದಕ್ಕೆ ಬೂಸ್ಟು, ಕಬ್ಬಿಣಕ್ಕೆ ಉಪ್ಪುಗಾಳಿಯ ತುಕ್ಕು. ತಾಳೆಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚಿ ಹಚ್ಚಿ ಉಳಿಸಿಕೊಳ್ಳಬೇಕು. ಒಣ ಸೀಮೆಯಲ್ಲಿ ಒಂದು ವಸ್ತುವನ್ನು ಮೂಲೆಗಿಟ್ಟರೆ ಇನ್ನೂರು ವರ್ಷ ಹಾಗೆಯೇ ಇರಬಹುದು. ನಮ್ಮಲ್ಲಿ ಮೂಲೆಗಿಟ್ಟದ್ದು ಎರಡು ಮಳೆಗಾಲದಲ್ಲಿ ಮಣ್ಣು. ಅದಕ್ಕೇ ನಮ್ಮ ಹಿರಿಯರು ವಸ್ತುವನ್ನು ಉಳಿಸುವುದಕ್ಕಿಂತ ಅದನ್ನು ಮತ್ತೆ ಮಾಡುವ ಕೈಯನ್ನು ಉಳಿಸಿಕೊಂಡರು. ಮಾಡಿಗೆ ಪ್ರತಿ ವರ್ಷ ಹೊಸ ಮುಳಿಹುಲ್ಲು, ಪ್ರತಿ ಸುಗ್ಗಿಗೆ ಹೊಸ ಮುಡಿ, ಪ್ರತಿ ನೇಮಕ್ಕೆ ತೆಂಗಿನ ಎಳೆ ಗರಿಯ ಹೊಸ ಅಲಂಕಾರ.

ನನ್ನ ಕೆಲಸದಲ್ಲಿ ಇದಕ್ಕೆ ಹತ್ತಿರದ ಒಂದು ಕ್ರಮ ಇದೆ. ಕಂಪ್ಯೂಟರಿನ ಮಾಹಿತಿಯ ನಕಲು ತೆಗೆದು ಇಡುತ್ತೇವೆ, ಬ್ಯಾಕಪ್ ಎನ್ನುತ್ತೇವೆ. ಹೊಸಬರು ಬ್ಯಾಕಪ್ ತೆಗೆದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಅನುಭವಸ್ಥರು ಮಾತ್ರ ಆಗಾಗ ಆ ನಕಲನ್ನು ಬೇರೆ ಯಂತ್ರಕ್ಕೆ ಹಾಕಿ, ಅದು ನಿಜವಾಗಿ ಓಡುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಓಡಿಸಿ ನೋಡದ ನಕಲು ಇದ್ದೂ ಇಲ್ಲದ ಹಾಗೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಮುಡಿಯನ್ನು ನೋಡಿದಾಗ ನನಗೆ ಹೊಳೆದದ್ದು ಇದು. ಅದನ್ನು ಬಿಚ್ಚಿ ಮತ್ತೆ ಕಟ್ಟುವವರು ಯಾರು?

ತೋಟದ ವಿಷಯಕ್ಕೆ ಬರುತ್ತೇನೆ. ಮೂರನೆಯ ದಿನ ಪಿಲಿಕುಳಕ್ಕೆ ಹೋಗಿದ್ದೆವು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಹೆಸರಿನ ನಿಸರ್ಗಧಾಮ ಅದು. ಶಾಲೆಯ ಪ್ರವಾಸದಲ್ಲಿ ಹೋದವರಿಗೆ ಹುಲಿ ಮಾತ್ರ ನೆನಪಿರುತ್ತದೆ. ಅಲ್ಲಿ ಪಶ್ಚಿಮ ಘಟ್ಟದ ಮರಗಳನ್ನು ಹೆಸರಿನ ಫಲಕ ಹಾಕಿ ಬೆಳೆಸಿದ ಸಸ್ಯವನ ಇದೆ, ಗುತ್ತಿನ ಮನೆ ಇದೆ, ಕುಂಬಾರರು ಬುಟ್ಟಿ ಹೆಣೆಯುವವರು ಕೆಲಸ ಮಾಡುವ ಕರಕುಶಲ ಗ್ರಾಮ ಇದೆ. ಮ್ಯೂಸಿಯಮ್ಮೂ ತೋಟವೂ ಒಂದೇ ಬೇಲಿಯೊಳಗೆ ಇರುವ ಜಾಗ ಎಂಬ ಕಾರಣಕ್ಕೆ ಅದು ನನಗೆ ಇಷ್ಟ.

ಆದರೆ ನಮ್ಮ ಕರಾವಳಿಯ ನಿಜವಾದ ಸಸ್ಯೋದ್ಯಾನ ಹಿತ್ತಿಲೇ. ಬಚ್ಚಲಿನ ನೀರು ಹರಿಯುವಲ್ಲಿ ಕೆಸು ಮತ್ತು ಬಾಳೆ, ಬಾವಿಕಟ್ಟೆಯ ಹತ್ತಿರ ಬಸಳೆ ಚಪ್ಪರ, ತೇವ ಇರುವ ಬದುವಿನಲ್ಲಿ ತಿಮರೆ ಅಂದರೆ ಒಂದೆಲಗ, ಬೇಲಿಗೆ ತೊಂಡೆ, ಮೂಲೆಗೊಂದು ಪುನರ್ಪುಳಿ, ಅಂಗಳದ ಆಚೆ ಹಲಸು. ಯಾವ ನೀರು ಯಾವ ಗಿಡಕ್ಕೆ, ಯಾವ ನೆರಳು ಯಾವುದಕ್ಕೆ ಎಂಬ ಲೆಕ್ಕ ಅದರಲ್ಲಿದೆ. ಶಂಕರಪುರ ಕಡೆಯವರ ಅಂಗಳದಲ್ಲಿ ಇದರ ಜೊತೆ ಮಲ್ಲಿಗೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ದಿನದ ದರ ಶಂಕರಪುರದಲ್ಲಿ ನಿಗದಿಯಾಗುತ್ತದೆ. ಮಲ್ಲಿಗೆ ದುಡ್ಡಿನಲ್ಲಿ ಫೀಸು ಕಟ್ಟಿದವರು ಈ ಸಭೆಯಲ್ಲೇ ಇದ್ದಾರೆ, ಅವರಿಗೆ ನಾನು ವಿವರಿಸುವುದು ಬೇಡ.

ಇಬ್ಬರು ಹಿರಿಯರ ಹೆಸರು ಹೇಳದೆ ಮುಂದೆ ಹೋಗಲಾರೆ. ಅಂಕೋಲದ ಹೊನ್ನಳ್ಳಿಯ ತುಳಸಿ ಗೌಡರು ಹಾಲಕ್ಕಿ ಸಮುದಾಯದವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿದ ಅವರು ಯಾವ ತಾಯಿಮರದ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳಕೆ ಬರಿಸಬೇಕು ಎಂಬುದನ್ನು ಕೈಯಲ್ಲೇ ಕಲಿತಿದ್ದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ರಾಷ್ಟ್ರಪತಿ ಭವನಕ್ಕೆ ಬರಿಗಾಲಿನಲ್ಲಿ ನಡೆದು ಹೋದ ಅವರ ಚಿತ್ರ ನೀವೆಲ್ಲ ನೋಡಿದ್ದೀರಿ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಇನ್ನೊಬ್ಬರು ಕಾಸರಗೋಡು ಗಡಿಯ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು, 2024ರ ಪದ್ಮಶ್ರೀ. ರಾಜಕಯಮೆ ಎಂಬ ಒಂದು ಭತ್ತದ ತಳಿಯಿಂದ ಆರಂಭಿಸಿ 650ಕ್ಕೂ ಹೆಚ್ಚು ತಳಿಗಳನ್ನು ಉಳಿಸಿದ್ದಾರೆ. ಅವರಿಗೆ ಎಕರೆಗಟ್ಟಲೆ ಗದ್ದೆ ಇಲ್ಲ. ಚಿಕ್ಕ ಚೀಲಗಳಲ್ಲಿ ಮಣ್ಣು ತುಂಬಿ ತಳಿಗೆ ಒಂದಿಷ್ಟು ಬುಡ ಎಂದು ಬೆಳೆಸುತ್ತಾರೆ. ನಮ್ಮ ತೇವದ ಹವೆಯಲ್ಲಿ ಭತ್ತದ ಬೀಜ ಹೆಚ್ಚು ವರ್ಷ ಮೊಳಕೆಯ ಶಕ್ತಿ ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಡಬ್ಬದಲ್ಲಿ ಹಾಕಿ ಕಪಾಟಿನಲ್ಲಿಟ್ಟರೆ ಆಗದು, ಬಿತ್ತಿ ಬೆಳೆದು ಕೊಯ್ದು ಮತ್ತೆ ಬಿತ್ತುತ್ತಲೇ ಇರಬೇಕು. ನನ್ನ ಭಾಷೆಯಲ್ಲಿ ಹೇಳಿದರೆ, ಬ್ಯಾಕಪ್ಪನ್ನು ಸತತವಾಗಿ ಓಡಿಸಿ ನೋಡುವ ಮನುಷ್ಯ ಅವರು. ಕುಮಟಾದ ಅಘನಾಶಿನಿ ಕಡೆ ಗಜನಿಯ ಉಪ್ಪುನೀರಿನಲ್ಲಿ ಬೆಳೆಯುವ ಕಗ್ಗ ಭತ್ತವೂ ಹೀಗೆಯೇ. ಬೆಳೆಯುವವರು ಬಿಟ್ಟರೆ ಆ ಬೀಜ ಬೇರೆ ಎಲ್ಲಿಂದಲೋ ಬರುವಂಥದ್ದಲ್ಲ.

ಈಗ ಊಟ. ಇದೊಂದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಹೇಗೂ ಊಟದ ಹೊತ್ತಾಗಿದೆ.

ಉಡುಪಿಯ ಪರ್ಯಾಯ ಎಂದರೆ ನಮಗೆ ಜನವರಿಯ ಮೆರವಣಿಗೆ. ಆದರೆ ಅದರ ಮೊದಲ ಮುಹೂರ್ತ ನಡೆಯುವುದು ಒಂದು ವರ್ಷಕ್ಕೂ ಮೊದಲು, ಅದರ ಹೆಸರು ಬಾಳೆ ಮುಹೂರ್ತ. ಬಾಳೆ ಗಿಡ, ತುಳಸಿ ಗಿಡ ನೆಡುತ್ತಾರೆ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಎರಡು ವರ್ಷ ದಿನವೂ ಸಾವಿರಾರು ಜನರಿಗೆ ಊಟ ಹಾಕಬೇಕಾದವರು ಎಲೆ, ಅಕ್ಕಿ, ಸೌದೆಯ ಲೆಕ್ಕವನ್ನು ಮೊದಲೇ ಹಾಕುತ್ತಾರೆ. ಧಾರ್ಮಿಕ ಅರ್ಥ ಬೇರೆ ಇದೆ, ಅದನ್ನು ಬಲ್ಲವರು ಹೇಳಲಿ. ಒಬ್ಬ ಇಂಜಿನಿಯರ್ ಆಗಿ ನಾನು ಅದರಲ್ಲಿ ನೋಡುವುದು ಯೋಜನೆಯನ್ನು. ಊಟದ ಎಲೆ ಬೇಕಾದರೆ ಮೊದಲು ಗಿಡ ನೆಡಬೇಕು ಎಂಬಲ್ಲಿಂದ ಲೆಕ್ಕ ಆರಂಭ.

ಮಟ್ಟುಗುಳ್ಳ ನಿಮಗೆ ಗೊತ್ತೇ ಇದೆ. ಕಟಪಾಡಿ ಹತ್ತಿರ ಹೊಳೆ ಮತ್ತು ಸಮುದ್ರದ ನಡುವಿನ ಮಟ್ಟು ಗ್ರಾಮ. ಭತ್ತದ ಕೊಯ್ಲಾದ ಮೇಲೆ ಅಲ್ಲಿ ಗುಳ್ಳ ಹಾಕುತ್ತಾರೆ. ವಾದಿರಾಜರು ಬೀಜ ಕೊಟ್ಟರು ಎಂಬ ಐತಿಹ್ಯ. 2011ರಲ್ಲಿ ಅದಕ್ಕೆ ಭೌಗೋಳಿಕ ಮಾನ್ಯತೆ ಬಂತು. ಅದಕ್ಕೂ ಮೊದಲು, ಕುಲಾಂತರಿ ಬದನೆಯ ಚರ್ಚೆ ಬಿಸಿಯಾಗಿದ್ದಾಗ, ಗುಳ್ಳದ ತಳಿ ಕಲಬೆರಕೆಯಾದೀತು ಎಂಬ ಆತಂಕ ನಮ್ಮ ಕಡೆಯೂ ಇತ್ತು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಅದಕ್ಕೆ ತಡೆ ಹಾಕಿತು. ಈಗಿನ ತೊಂದರೆ ಬೇರೆ ತರಹದ್ದು. ಎಲ್ಲೆಲ್ಲಿಯದೋ ಹಸಿರು ಬದನೆ ಸಂತೆಯಲ್ಲಿ ಮಟ್ಟುಗುಳ್ಳವಾಗಿ ಮಾರಾಟವಾಗುತ್ತದೆ. ಬೆಳೆಗಾರರು ಕಾಯಿಗೆ ಸ್ಟಿಕ್ಕರ್ ಅಂಟಿಸಬೇಕಾಗಿ ಬಂದಿದೆ. ನನ್ನ ದೊಡ್ಡಮ್ಮನಿಗೆ ಸ್ಟಿಕ್ಕರ್ ಬೇಡ. ತೊಟ್ಟಿನ ಮುಳ್ಳು, ಸಿಪ್ಪೆಯ ಗೆರೆ ನೋಡಿ, ಬೇಯುವಾಗ ಎಷ್ಟು ಬೇಗ ಕರಗುತ್ತದೆ ಎಂದು ನೋಡಿ ಹೇಳುತ್ತಾರೆ.

ಆ ಪುಣೆಯವರು ಊಟಕ್ಕೆ ಕೂತಾಗ ಅಮ್ಮ ಬಡಿಸಿದ್ದು ಇದು: ಕುಚ್ಚಲಕ್ಕಿ ಅನ್ನ, ಗುಳ್ಳದ ಬೋಳು ಹುಳಿ, ಅಲಸಂಡೆ ಪಲ್ಯ, ಬಸಳೆಯ ಕೊದ್ದೆಲು, ಅನಾನಸಿನ ಮೆಣಸ್ಕಾಯಿ, ಪುನರ್ಪುಳಿ ಸಾರು, ತೆಂಗಿನಕಾಯಿ ಹಾಲಿನ ಪಾಯಸ. ಬಡಿಸಿ ಮುಗಿದ ಮೇಲೆ ಅಮ್ಮನೇ ಎಲೆಯನ್ನೊಮ್ಮೆ ನೋಡಿ, "ಅಯ್ಯೋ, ಇದರಲ್ಲಿ ಹಾಲು ತುಪ್ಪ ಇರುವುದು ಯಾವುದೂ ಇಲ್ಲವಲ್ಲ" ಎಂದರು. ಒಗ್ಗರಣೆಗೆ ತೆಂಗಿನೆಣ್ಣೆ, ಪಾಯಸಕ್ಕೆ ಕಾಯಿಹಾಲು, ಹುಳಿಗೆ ಹುಣಸೆ. ಪೇಟೆಗಳಲ್ಲಿ ಹೊಸ ಫ್ಯಾಶನ್ ಎಂದು ದುಬಾರಿ ದರಕ್ಕೆ ಮಾರುವ ಊಟ ನಮ್ಮ ಅಡುಗೆ ಕೋಣೆಯಲ್ಲಿ ಹೆಸರಿಲ್ಲದೆ ಇತ್ತು. ಅಮ್ಮ ಆ ಎರಡು ದಿನ ಚಿಂತೆ ಮಾಡಿದ್ದು ಸುಮ್ಮನೆ.

ಇಲ್ಲಿ ಒಂದು ತಪ್ಪು ಅಭಿಪ್ರಾಯ ಬರಬಾರದು. ನಮ್ಮದು ಮೀನು ತಿನ್ನುವ ಊರು. ಬಂಗುಡೆಯ ಪುಳಿಮುಂಚಿ ಬಿಟ್ಟುಬಿಡಿ ಎಂದು ಹೇಳಲು ನಾನು ಬಂದಿಲ್ಲ, ನಾನೂ ಬಿಟ್ಟಿಲ್ಲ. ಸೊಪ್ಪು ತರಕಾರಿಯ ಅಡುಗೆ ಎಂದರೆ ಮಠದ್ದು, ಹೋಟೆಲಿನದ್ದು, ಒಂದು ಜಾತಿಯದ್ದು ಎಂದು ತಿಳಿಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆಟಿ ತಿಂಗಳನ್ನು ನೆನಪಿಸಿಕೊಳ್ಳಿ. ಕಡಲು ಕೆರಳಿರುತ್ತದೆ. ಈಗ ಸರಕಾರವೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳನ್ನು ಕಡಲಿಗೆ ಬಿಡುವುದಿಲ್ಲ. ಗದ್ದೆಯಲ್ಲಿ ನಾಟಿ ಮುಗಿದು ಕಣಜ ಬರಿದಾಗುವ ಹೊತ್ತು. ಆಗ ಮೊಗವೀರರ ಮನೆಯಲ್ಲೂ, ಬಿಲ್ಲವರ, ಬಂಟರ, ಕೊರಗರ ಮನೆಯಲ್ಲೂ ಹೊಟ್ಟೆ ತುಂಬಿಸಿದ್ದು ಪತ್ರೊಡೆ, ತಜಂಕಿನ ಪಲ್ಯ, ಕಣಿಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಲಸಿನ ಬೀಜ, ಹುರುಳಿ ಮತ್ತು ಗಂಜಿ. ಹಸಿವಿನ ಕಾಲದ ಈ ಅಡುಗೆಯನ್ನು ಈಗ ಸಭಾಭವನಗಳಲ್ಲಿ 'ಆಟಿಡೊಂಜಿ ದಿನ' ಎಂದು ಬಫೆ ಮಾಡಿ ತಿನ್ನುತ್ತೇವೆ. ತಿನ್ನಲಿ, ಬೇಡ ಎನ್ನುವುದಿಲ್ಲ. ಆದರೆ ಅಲ್ಲಿ ಪತ್ರೊಡೆ ತಿನ್ನುವ ಮಕ್ಕಳಲ್ಲಿ ಮರಕೆಸು ಯಾವುದು ಎಂದು ತೋರಿಸಬಲ್ಲವರು ಎಷ್ಟು?

ಇದು ಬರೀ ಹಳೆಯದರ ಮೋಹ ಅಲ್ಲ, ಇದರಲ್ಲಿ ವಿಜ್ಞಾನ ಇದೆ, ಅಪಾಯವೂ ಇದೆ. ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ಅದಕ್ಕೇ ಗಂಟಲು ತುರಿಸುತ್ತದೆ. ಹುಣಸೆ ಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ತುರಿಕೆ ಕಡಿಮೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇದೆ, ಅದಕ್ಕೇ ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸುವುದು. ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ಕೆತ್ತೆ ತಂದು ಕಷಾಯ ಮಾಡುತ್ತೇವೆ. ಕತ್ತಲಲ್ಲಿ, ಗುರುತು ತಿಳಿಯದೆ ಕಾಸರಕನ ತೊಗಟೆ ತಂದರೆ ಅದರಲ್ಲಿ ಸ್ಟ್ರಿಕ್ನಿನ್ ವಿಷ ಇದೆ, ಪ್ರಾಣವೇ ಹೋಗಬಹುದು. ಅಜ್ಜಂದಿರು ಹಿಂದಿನ ದಿನ ಹಗಲಲ್ಲೇ ಹೋಗಿ ಮರ ಗುರುತು ಮಾಡಿ ಬರುತ್ತಿದ್ದರು. ಆಚರಣೆ ಉಳಿದು ಮರದ ಗುರುತು ಮರೆತುಹೋದರೆ ಏನಾಗುತ್ತದೆ ಎಂದು ಯೋಚಿಸಿ. ಇಂಥ ತಿಳಿವಳಿಕೆಯನ್ನು ಮೊಬೈಲಿನಲ್ಲಿ ಫೋಟೋ ನೋಡಿ ಕಲಿಯುವ ಧೈರ್ಯ ನನಗಿಲ್ಲ, ಮೊಬೈಲಿನ ಕೆಲಸವೇ ನನ್ನ ಹೊಟ್ಟೆಪಾಡಾದರೂ.

ಮಾತುಗಳೂ ಒಂದು ಮ್ಯೂಸಿಯಮ್ಮೇ. ನಾವು ಬಟಾಟೆ ಎನ್ನುತ್ತೇವೆ, ಅದು ಪೋರ್ಚುಗೀಸರ ಮಾತು. ಅನಾನಸು ಕೂಡ. ಕಾಳುಮೆಣಸನ್ನು ಒಳ್ಳೆಮೆಣಸು ಎನ್ನುತ್ತೇವೆ, ತುಳುವಿನಲ್ಲಿ ಎಡ್ಡೆ ಮುಂಚಿ. ಯಾಕೆ 'ಒಳ್ಳೆ'? ಖಾರಕ್ಕೆ ಮೊದಲು ಇದ್ದದ್ದು ಅದು. ಕೆಂಪು ಮೆಣಸು ಅಮೆರಿಕದಿಂದ ಹಡಗಿನಲ್ಲಿ ಬಂದ ಹೊಸಬ, ಹೆಸರನ್ನು ಮಾತ್ರ ತನ್ನದು ಮಾಡಿಕೊಂಡ. ಚಾತುರ್ಮಾಸ್ಯದ ಶಾಕವ್ರತದ ಅಡುಗೆಯಲ್ಲಿ ಇವತ್ತಿಗೂ ಖಾರಕ್ಕೆ ಒಳ್ಳೆಮೆಣಸೇ. ಸಮಾಜ ವಿಜ್ಞಾನದ ಒಂದು ಇಡೀ ಪಾಠವನ್ನು ಅಡುಗೆ ಕೋಣೆಯ ಡಬ್ಬಗಳ ಮುಂದೆ ನಿಲ್ಲಿಸಿ ಮಾಡಬಹುದು.

ನಮ್ಮ ಅಡುಗೆಯನ್ನು ಲೋಕಕ್ಕೆ ಕೊಂಡುಹೋದವರು ಹೋಟೆಲಿನವರು. ಪಾರಂಪಳ್ಳಿಯ ಮಯ್ಯರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ್ದು ಎಂಟಿಆರ್ ಆಯಿತು. ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು, ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಬೋರ್ಡಿಂಗ್ ತೆರೆದರು. ದೊಡ್ಡ ಸಾಧನೆ, ನಮ್ಮೂರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಇಂಥ ಹೋಟೆಲುಗಳ ಮನಿಯಾರ್ಡರಿನಿಂದ. ಆದರೆ ಹೋಟೆಲು ಹೋದ ದೂರಕ್ಕೆ ಹಿತ್ತಿಲು ಹೋಗಲಿಲ್ಲ. ಅಲ್ಲಿನ ಸಾಂಬಾರಿಗೆ ಬಟಾಟೆ, ಕ್ಯಾರೆಟ್ ಸಾಕಾಯಿತು. ಗುಳ್ಳ, ಕೆಸು, ತಿಮರೆ ಉಳಿಯಬೇಕಾದರೆ ಅದು ಇಲ್ಲೇ, ಈ ಮಣ್ಣಿನಲ್ಲೇ ಆಗಬೇಕು.

ಈಗ ಕಮಾನಿನ ವಿಷಯ. ಹಿಂಬದಿಯ ಆ ಎರಡು ಕೋಣೆಗಳು ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಇವತ್ತು ಒಂದೊಂದೇ ಚಿಮಣಿ ಆರಿಸುತ್ತಿದೆ. ಆ ಮಾಡು ಸೋರುತ್ತದೆ, ನಿಜ. ಪಕ್ಕಾಸು ಎರಡು ಮೂರು ಕಡೆ ಗೆದ್ದಲು ಹಿಡಿದಿದೆ, ಅದೂ ನಿಜ. ನಿನ್ನೆ ನಮ್ಮೂರಿನ ಬಡಗಿಯವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ರಿಪೇರಿ ಆಗುತ್ತದೆ, ಕಮಾನಿನಷ್ಟು ಖರ್ಚು ಬೇಡ ಎಂದು ಅವರು ಹೇಳಿದ್ದಾರೆ. ಅವರೂ ಇಲ್ಲಿದ್ದಾರೆ, ಕೇಳಬಹುದು.

ಒಂದು ಕೋಣೆಯಲ್ಲಿ ಊರಿನ ಸಾಮಾನುಗಳನ್ನು ಇಡೋಣ. ಆದರೆ ಅವುಗಳಿಗೆ ಗಾಜಿನ ಪೆಟ್ಟಿಗೆ ಬೇಡ. ಮಕ್ಕಳು ಮುಟ್ಟಲಿ, ಕಳಸೆಯಲ್ಲಿ ಅಳೆಯಲಿ, ವರ್ಷಕ್ಕೊಮ್ಮೆ ಮುಡಿ ಕಟ್ಟಲಿ. ಕೈ ಎತ್ತಿದ ಆ ಇಬ್ಬರು ಹಿರಿಯರನ್ನು ಬರುವ ಸುಗ್ಗಿಗೆ ಕರೆಸೋಣ. ಇನ್ನೊಂದು ಕೋಣೆ ಬೀಜಕ್ಕೆ ಮತ್ತು ಹೆಸರು ಪುಸ್ತಕಕ್ಕೆ. ಒಂದು ಗಿಡಕ್ಕೆ ಒಂದು ಪುಟ: ಕನ್ನಡ, ತುಳು, ಕೊಂಕಣಿ, ಬ್ಯಾರಿ ಹೆಸರುಗಳು, ಯಾರ ಹಿತ್ತಿಲಿನಿಂದ ಬಂತು, ಯಾವಾಗ ಬಿತ್ತುವುದು, ಏನು ಅಡುಗೆ, ಏನು ಜಾಗ್ರತೆ. ಅದನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನದು. ಆದರೆ ಮೊದಲು ಮಕ್ಕಳ ಕೈಬರಹದಲ್ಲಿ ಪುಸ್ತಕವಾಗಲಿ. ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಹಿತ್ತಿಲು, ಅದರ ಸೊಪ್ಪು ತರಕಾರಿ ಅಕ್ಷರ ದಾಸೋಹದ ಬಿಸಿಯೂಟಕ್ಕೆ. ನಾವು ಓದುವಾಗ ಪ್ರೌಢಶಾಲೆಗೆ ಬಿಸಿಯೂಟ ಬಂದಿರಲಿಲ್ಲ, ಬುತ್ತಿ ಕಟ್ಟಿಕೊಂಡು ಬರುತ್ತಿದ್ದೆವು. ಈಗ ಅಡುಗೆ ಮಾಡುವ ಅಕ್ಕಂದಿರಿಗೆ ಈ ಎಲ್ಲ ಸೊಪ್ಪುಗಳ ಗುರುತು ಇದೆ. ಅವರು ಕಲಿಸುವ ದಿನ ಅವರನ್ನು ಸಂಪನ್ಮೂಲ ವ್ಯಕ್ತಿ ಎಂದೇ ಕರೆಯಬೇಕು, ಬೇರೆ ಅತಿಥಿಗಳಿಗೆ ಕೊಡುವ ಗೌರವಧನವನ್ನೇ ಕೊಡಬೇಕು. ಇದು ನನ್ನ ಒತ್ತಾಯ.

ಆಕ್ಷೇಪಗಳನ್ನು ಬಲ್ಲೆ. ಮೇ ರಜೆಯಲ್ಲಿ ನೀರು ಹಾಕುವವರು ಯಾರು? ಮಂಗ, ನವಿಲು, ಕಾಡುಹಂದಿಗೆ ಏನು ಮಾಡುವುದು? ಈ ವರ್ಷ ಉತ್ಸಾಹದಲ್ಲಿ ಮಾಡಿ ಮುಂದಿನ ವರ್ಷ ಲಂಟಾನ ಬೆಳೆದರೆ? ಇದರಲ್ಲಿ ನೀರಿನ ಪ್ರಶ್ನೆಗೆ ಉತ್ತರ ಇದೆ: ಶಾಲೆಯ ಹತ್ತಿರದ ಐದು ಮನೆಯವರು ವಾರಕ್ಕೊಂದು ಪಾಳಿ ಒಪ್ಪಿಕೊಂಡಿದ್ದಾರೆ. ಮಂಗನಿಗೆ ಉತ್ತರ ನನ್ನಲ್ಲಿಲ್ಲ, ನಿಮ್ಮಲ್ಲೂ ಇಲ್ಲ ಎಂದು ಕಾಣುತ್ತದೆ. "ಇದರಿಂದ ಮಕ್ಕಳ ಸಂಖ್ಯೆ ಹೆಚ್ಚಾಗುತ್ತದಾ?" ಎಂದು ಸಮಿತಿಯ ಒಬ್ಬರು ಕೇಳಿದರು. ಹಳದಿ ಬಸ್ಸು ಮನೆ ಬಾಗಿಲಿಗೆ ಬರುವಾಗ ಕೆಸುವಿನ ಎಲೆ ತೋರಿಸಿ ಮಕ್ಕಳನ್ನು ಸೇರಿಸಬಹುದು ಎಂದು ನಾನು ನಂಬಿಸಲಾರೆ. ಕಮಾನು ತೋರಿಸಿಯೂ ಸೇರಿಸಲಾಗದು. ಇರುವ ಮಕ್ಕಳಿಗೆ ಬೇರೆಲ್ಲೂ ಸಿಗದ ಒಂದು ಕಲಿಕೆ ಸಿಗುತ್ತದೆ, ಅಷ್ಟು ಹೇಳಬಲ್ಲೆ. ನಮ್ಮ 2005ರ ಬ್ಯಾಚಿನವರು ಮಾಡಿನ ರಿಪೇರಿಯ ಅರ್ಧ ಖರ್ಚು ಕೊಡುವುದೆಂದು ಮಾತಾಡಿಕೊಂಡಿದ್ದೇವೆ. ಉಳಿದದ್ದನ್ನು ಸಮಿತಿ ಇವತ್ತು ಸಂಜೆಯ ಸಭೆಯಲ್ಲಿ ತೀರ್ಮಾನಿಸಲಿ. ಕಮಾನೇ ಬೇಕು ಎಂದಾದರೆ ಅದಕ್ಕೂ ನಾವು ದುಡ್ಡು ಕೊಡುತ್ತೇವೆ, ಆದರೆ ಆ ಕಟ್ಟಡವನ್ನು ಕೆಡವಬೇಡಿ.

ಕಡೆಯದಾಗಿ ಒಂದು ಕೋರಿಕೆ. ಬಿಸು ಹಬ್ಬಕ್ಕೆ ನಾವು ಮನೆಯಲ್ಲಿ ಕಣಿ ಇಡುತ್ತೇವಲ್ಲ, ಹಿತ್ತಿಲಿನ ಹಣ್ಣು ತರಕಾರಿ ಎಲ್ಲ ಜೋಡಿಸಿ. ಈ ಸಲ ಶಾಲೆಯಲ್ಲೂ ಒಂದು ಕಣಿ ಇಡೋಣ. ಆ ದಿನಕ್ಕೆ ಪ್ರತಿ ಮನೆಯಿಂದ ಒಂದು ಬೀಜವೋ ಬಳ್ಳಿಯ ತುಂಡೋ ತನ್ನಿ. ಬದನೆ, ಗುಳ್ಳದ ಬೀಜವಾದರೆ ಕಾಯಿ ಹಳದಿಯಾಗುವವರೆಗೆ ಗಿಡದಲ್ಲೇ ಬಿಟ್ಟು, ತೊಳೆದು, ಬೂದಿಯಲ್ಲಿ ಒರಸಿ ನೆರಳಿನಲ್ಲಿ ಒಣಗಿಸಿ. ಬಸಳೆಗೆ ಗೇಣುದ್ದದ ಬಲಿತ ದಂಟು ಸಾಕು. ಪ್ಲಾಸ್ಟಿಕ್ ಬೇಡ, ಕಾಗದದ ಪೊಟ್ಟಣ ಮಾಡಿ, ಮೇಲೆ ನಿಮ್ಮ ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಯಿರಿ. ಬರೆಯಲು ಬಾರದ ಅಜ್ಜಿಯಂದಿರು ಮಕ್ಕಳ ಹತ್ತಿರ ಹೇಳಿ, ಅವರು ಬರೆದುಕೊಳ್ಳುತ್ತಾರೆ. ಪೊಟ್ಟಣಗಳನ್ನು ಆಫೀಸಿನ ಕಿಟಕಿಯ ಹತ್ತಿರದ ಮರದ ಪೆಟ್ಟಿಗೆಯಲ್ಲಿ ಹಾಕಬಹುದು. ಪತ್ತನಾಜೆ ಕಳೆದು ಮೊದಲ ಮಳೆ ಬಿದ್ದ ಮೇಲೆ ಬಿತ್ತುವುದು. ಆ ವಾರ ನಾನು ರಜೆ ಹಾಕಿ ಬರುತ್ತೇನೆ, ಹಾರೆ ಪಿಕ್ಕಾಸು ಇದ್ದವರು ತನ್ನಿ.